ನನ್ನ ಗೆಣಸಿಗೆ ಔಷಧಿ ಬೇಡ

ಕಡಬದಿಂದ ಈಚೆ, ರಬ್ಬರ್ ತೋಟದ ಅಂಚಿನ ಗುಡ್ಡೆಯಲ್ಲಿ ನಾನು ಮರಗೆಣಸು ಬೆಳೆಸುತ್ತೇನೆ. ಒಂದು ಬೇಸಗೆಯಲ್ಲಿ ಗಿಡಗಳ ತುದಿಯೆಲ್ಲ ಮುದುಡಿ ಗಂಟಾಯಿತು. ಎಲೆ ಬಿಡಿಸಿದರೆ ಒಳಗೆ ಬಿಳಿ ಹಿಟ್ಟು ಮೆತ್ತಿಕೊಂಡ ಹುಳಗಳು. ನೋಡಲು ಬಂದ ಕೃಷಿ ವಿಜ್ಞಾನಿ ಮೇಡಂ ಅದನ್ನು ಹಿಟ್ಟು ತಿಗಣೆ ಎಂದರು. ಅದರ ಹುಟ್ಟೂರು ದಕ್ಷಿಣ ಅಮೆರಿಕ. ಹಿಂದೆ ಆಫ್ರಿಕಾದ ಗೆಣಸಿನ ಹೊಲಗಳನ್ನೂ ಹಾಳುಮಾಡಿತ್ತಂತೆ. ಆಗ ಅದರ ಹುಟ್ಟೂರಿನಲ್ಲೇ ಹುಡುಕಿ, ಅದರ ಮೈಯೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಕಣಜವೊಂದನ್ನು ಆಫ್ರಿಕಾಕ್ಕೆ ತಂದಿದ್ದರು. ಅಲ್ಲಿಯವರು ಈಗ ನಮಗೂ ಕೊಟ್ಟಿದ್ದಾರೆ ಎನ್ನುತ್ತಾ ಮೇಡಂ ಒಂದು ಗಾಜಿನ ಕೊಳವೆ ತೆಗೆದರು. ಒಳಗೆ ಎಳ್ಳಿಗಿಂತ ಸಣ್ಣ ಕಣಜಗಳು. ಬಿಟ್ಟ ಮೇಲೆ ಔಷಧಿ ಹೊಡೆಯಬಾರದು ಎಂಬುದೊಂದೇ ಷರತ್ತು.

ಪಕ್ಕದ ಜಾಗ ನನ್ನ ಗಂಡನ ಅಣ್ಣನದು. ಕಣಜ ಬಿಟ್ಟ ನಾಲ್ಕನೇ ದಿನ ಭಾವ ಔಷಧಿ ಕಲಸಿ, ಪಂಪು ಬೆನ್ನಿಗೇರಿಸಿಕೊಂಡು ಗಡಿ ದಾಟಿಯೇ ಬಂದರು.

"ನಿನ್ನ ಹುಳ ನನ್ನಲ್ಲಿಗೂ ಬರ್ತದೆ. ಎರಡೂ ಕಡೆ ಒಟ್ಟಿಗೆ ಹೊಡೆಯುವ."

"ಇಲ್ಲಿ ಬೇಡ ಭಾವ. ಕಣಜ ಬಿಟ್ಟದ್ದು ಉಂಟು."

"ಎಂತ ಹುಚ್ಚು ಮಾರಾಯ್ತಿ ನಿಂದು? ಹೊರದೇಶದ ಹುಳ ಹಾಳು ಮಾಡಿದ್ದು ಸಾಲದಾ, ಇನ್ನೊಂದು ತಂದು ಬಿಡುದಾ?"

"ಗೆಣಸು ಎಂತ ಇಲ್ಲಿ ಹುಟ್ಟಿದ್ದಾ? ಅದೂ ಹಡಗಿನಲ್ಲಿ ಬಂದದ್ದೇ."

ನಾನು ಸಾಲಿನ ನಡುವೆ ಹೋಗಿ ನಿಂತೆ. ಮದುವೆಯಾಗಿ ಬಂದಲ್ಲಿಂದ ಅವರ ಎದುರು ಕುರ್ಚಿಯಲ್ಲಿ ಕೂಡ ಕೂತವಳಲ್ಲ ನಾನು.

"ಹೊಡೆಯುದಾದ್ರೆ ಮೊದಲು ನನ್ನ ಮೇಲೆ ಹೊಡೆಯಿರಿ" ಎಂದೆ.

ಭಾವ ತಿರುಗಿ ಹೋದರು. ತಿಂಗಳುಗಟ್ಟಲೆ ನನ್ನೊಡನೆ ಮಾತಿಲ್ಲ.

ಆ ವರ್ಷ ಅರ್ಧ ಬೆಳೆ ಹೋಯಿತು. ಔಷಧಿ ಹೊಡೆದೂ ಭಾವನದೂ ಹೋಯಿತು. ಕೀಳುವಾಗ ಬೆರಳಿನಷ್ಟು ಸಪೂರದ ಗೆಣಸು ಕಂಡು ನನಗೆ ಅಳು ಬಂತು. ಆದರೆ ಎಲೆಯಡಿಯ ಹುಳಗಳು ಒಣಗಿ ಕಂದು ಸಿಪ್ಪೆಗಳಾಗತೊಡಗಿದ್ದವು; ಒಂದೊಂದರಲ್ಲೂ ಕಣಜ ಹೊರಬಂದ ಸಣ್ಣ ತೂತು. ಮರುವರ್ಷ ಚಿಗುರು ನೆಟ್ಟಗೆ ಎದ್ದಿತು.

ಆಗ ಮೇಡಂ, ಕಣಜ ಕೊಟ್ಟ ಆಫ್ರಿಕಾದವರಲ್ಲಿ ಒಬ್ಬ ವಿಜ್ಞಾನಿಯನ್ನು ಕರೆತಂದರು. ಅವರು ಮಣ್ಣಿನಲ್ಲಿ ಮೊಣಕಾಲೂರಿ ಎಲೆ ಮಗುಚಿದ ರೀತಿಯಲ್ಲೇ ಗೊತ್ತಾಯಿತು, ಗೆಣಸು ನೆಟ್ಟ ಕೈ ಅದು. ಜೊತೆಗೆ ಬಂದಿದ್ದ ಅಧಿಕಾರಿ, "ಎಲ್ಲ ಒಳ್ಳೆದಾಗಿದೆ ಅಂತ ಹೇಳಿ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಅರ್ಧ ಬೆಳೆ ಹೋದದ್ದನ್ನೂ ಹೇಳ್ತೇನೆ" ಎಂದು ಗಟ್ಟಿಯಾಗಿಯೇ ಹೇಳಿದೆ. "ಹುಳ ಒಂದು ದೇಶದಲ್ಲಿ ಕಂಡ ಕೂಡಲೇ ಉಳಿದವರಿಗೆ ತಿಳಿಸ್ಬೇಕು, ಕಣಜವನ್ನೂ ಆಗಲೇ ಕಳಿಸ್ಬೇಕು. ನಮ್ಮ ಗೆಣಸು ಹೋದ ಮೇಲೆ ಬಂದು ಎಂತ ಮಾಡುದು?"

ಮೇಡಂ ಒಂದು ಮಾತೂ ಬಿಡದೆ ಅದನ್ನು ಆ ವಿಜ್ಞಾನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಆಫ್ರಿಕಾದಲ್ಲಿ ಆ ವಿಜ್ಞಾನಿಯ ತಾಯಿಯ ಹೊಲವೂ ಕಣಜ ಬರುವ ಮೊದಲು ಹಾಗೆಯೇ ಹೋಗಿತ್ತಂತೆ.

"ಹಾಗಾದ್ರೆ ಬರ್ಕೊಳ್ಳಿ" ಎಂದೆ.

ಆ ವಿಜ್ಞಾನಿ ಅಲ್ಲೇ ಕೂತು ಬರೆದುಕೊಂಡರು.