ಖಾಲಿ ಶೀಟು ಓದುವ ಅಕ್ಕ

ಬೆಳಗಿನ ಆರೂವರೆ. ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕಿಟಕಿ ತೆರೆಯಲು ಇನ್ನೂ ಒಂದೂವರೆ ಗಂಟೆ ಇದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಅಕ್ಕ ಆಗಲೇ ಮಾತ್ರೆಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದಾರೆ. ಕೈ ಕೆಲಸದಲ್ಲಿದೆ, ಕಣ್ಣು ಮಾತ್ರ ಗಡಿಯಾರದ ಮೇಲೆ. ಇವತ್ತು ಸಕ್ಕರೆ ಕಾಯಿಲೆಯ ಮಾತ್ರೆಗೆ ಟೈಲರ್ ಬರಬೇಕಾದ ದಿನ. ನಿನ್ನೆ ಸಂಜೆ ಎರಡು ಸಲ ಫೋನ್ ಮಾಡಿದ್ದಾರೆ, ಯಾರೂ ಎತ್ತಿಲ್ಲ.

“ಏನೂ ಆಗಿರಲ್ಲ ಬಿಡಿ” ಎನ್ನುತ್ತಾರೆ, ಯಾರೂ ಕೇಳದಿದ್ದರೂ. ಬಿಪಿ ಮಾತ್ರೆಯನ್ನು ಸಕ್ಕರೆ ಕಾಯಿಲೆಯ ಖಾನೆಗೆ ಇಡಲು ಹೋಗಿ, ನಾಲಿಗೆ ಕಚ್ಚಿಕೊಂಡು ಸರಿಮಾಡುತ್ತಾರೆ.

ದಿನಕ್ಕೆ ಇನ್ನೂರು ಜನ ಈ ಕಿಟಕಿಗೆ ಬರುತ್ತಾರೆ. ಎಲ್ಲರ ಬಾಯಲ್ಲೂ ಇವರು ‘ಮಾತ್ರೆ ಅಕ್ಕ’. ಸಕ್ಕರೆ, ಬಿಪಿ, ಥೈರಾಯಿಡ್, ಹೀಗೆ ಒಮ್ಮೆ ಹಿಡಿದರೆ ಬಿಡದ ಕಾಯಿಲೆಯವರೇ ಹೆಚ್ಚು. ಮಾತ್ರೆಯ ಹೊಸ ಶೀಟು ಬೇಕಾದರೆ ಹಳೆಯ ಖಾಲಿ ಶೀಟು ತರಬೇಕು ಎಂಬುದು ಅಕ್ಕನ ಕಟ್ಟಪ್ಪಣೆ. “ಗುಜರಿ ಅಂಗಡಿ ಇಡ್ತೀರಾ ಅಕ್ಕ?” ಎಂದು ಗೇಲಿ ಮಾಡಿದವರೂ ಮರು ತಿಂಗಳು ತೆಪ್ಪಗೆ ತರುತ್ತಾರೆ.

“ದಿನಕ್ಕೊಂದು ತೆಗೆದ ಶೀಟು ಸೊಟ್ಟಗಾಗಿರುತ್ತೆ, ಮೂಲೆ ಮಡಿಚಿರುತ್ತೆ. ಇಲ್ಲಿಗೆ ಬರೋ ಮುಂಚೆ ಎಲ್ಲಾ ಒಟ್ಟಿಗೆ ಒತ್ತಿ ಬಿಸಾಕಿದ್ದು ಹೊಸ ಪಾತ್ರೆ ಥರ ಹೊಳೀತಿರುತ್ತೆ” ಎಂದು ಬೆರಳಲ್ಲಿ ಸವರಿ ತೋರಿಸುತ್ತಾರೆ.

ಕಳೆದ ತಿಂಗಳು ಟೈಲರ್ ತಂದದ್ದು ಅಂಥ ಹೊಳೆಯುವ ಶೀಟುಗಳನ್ನೇ. “ಅಣ್ಣ, ಇದನ್ನ ಯಾರು ತಿಂದ್ರು?” ಎಂದರೆ ಆತ ತಲೆ ಎತ್ತಲಿಲ್ಲ. “ಅವಳಿದ್ದಾಗ ನೀರು ಹಿಡ್ಕೊಂಡು ಎದುರಿಗೇ ನಿಲ್ಲೋಳು. ಈಗ ಯಾರಿಗೋಸ್ಕರ ನುಂಗ್ಲಿ ಅಕ್ಕ?”

ಅಕ್ಕ ಕಿಟಕಿ ಎಳೆದುಕೊಂಡು, ಸಾಲಿನಲ್ಲಿದ್ದವರ ಬೈಗುಳ ಕಿವಿಗೆ ಹಾಕಿಕೊಳ್ಳದೆ, ಆತನನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಹೆಂಡತಿ ತೀರಿಹೋದ ಮೇಲೆ ಹಿಡಿದ ಖಿನ್ನತೆ ಎಂದರು ಡಾಕ್ಟರು. ಅದಕ್ಕೂ ಮಾತ್ರೆ ಬರೆದರು. ಮನಸ್ಸು ಸೋತವರು ಸಕ್ಕರೆ ಮಾತ್ರೆಯನ್ನೂ ಬಿಡುತ್ತಾರೆ, ಬಿಟ್ಟದ್ದನ್ನು ಯಾರಿಗೂ ಹೇಳುವುದಿಲ್ಲ. ಅಕ್ಕನ ಇವತ್ತಿನ ಭಯ ಅದೇ.

ಹಾವಿನ ಹೆಜ್ಜೆ ಹಾವೇ ಬಲ್ಲದು. ಏಳು ವರ್ಷದ ಹಿಂದೆ, ಹಗಲೆಲ್ಲ “ತಪ್ಪದೆ ತಗೊಳ್ಳಿ” ಎನ್ನುತ್ತಿದ್ದ ಇದೇ ಅಕ್ಕ, ಮನೆಗೆ ಹೋಗಿ ತಮ್ಮ ಖಿನ್ನತೆಯ ಮಾತ್ರೆಯನ್ನು ಸಿಂಕಿಗೆ ಹಾಕುತ್ತಿದ್ದರು. ಒಂದು ದಿನ ಪಾತ್ರೆ ತೊಳೆಯುತ್ತಿದ್ದ ತಂಗಿಗೆ ಜಾಲರಿಯಲ್ಲಿ ಅರ್ಧ ಕರಗಿದ ಮಾತ್ರೆ ಸಿಕ್ಕಿತು. “ಬೈದಿದ್ರೆ ಬೈಸ್ಕೊಂಡು ಸುಮ್ನಿರ್ತಿದ್ದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಳು. ನಾನೂ ಪಕ್ಕದಲ್ಲಿ ಕೂತೆ. ಕೂತ ಮೇಲೆ ಎಲ್ಲಾ ಹೇಳ್ದೆ.” ಈಗ ಟೀ ಹೊತ್ತಿಗೆ, ಕಿಟಕಿಯ ಎದುರಿನವರಿಗೆಲ್ಲ ಕಾಣುವಂತೆಯೇ ತಮ್ಮ ಮಾತ್ರೆ ನುಂಗುತ್ತಾರೆ.

ಹತ್ತಾಯಿತು, ಹನ್ನೊಂದಾಯಿತು. ಪ್ರತಿ ಕೆಮ್ಮಿಗೂ ಅಕ್ಕ ತಲೆ ಎತ್ತಿ ಸಾಲಿನ ಕೊನೆಯವರೆಗೆ ನೋಡುತ್ತಾರೆ. ಮತ್ತೆ ಮೂರು ಸಲ ಫೋನ್ ಮಾಡುತ್ತಾರೆ. ಕಿಟಕಿ ಮುಚ್ಚಲು ಹತ್ತು ನಿಮಿಷವಿದೆ ಎನ್ನುವಾಗ ಗಡ್ಡ ಬಿಟ್ಟ ಮುಖವೊಂದು ಎದುರಿಗೆ ಬಂದು ನಿಲ್ಲುತ್ತದೆ.

“ಫೋನ್ ಎತ್ತಕ್ಕೇನು ಧಾಡಿ ನಿಮಗೆ?” ಅಕ್ಕ ಕಿಟಕಿಯಿಂದ ಮುಂದಕ್ಕೆ ಬಾಗುತ್ತಾರೆ.

“ಅಂಗಡೀಲೇ ಬಿಟ್ಟು ಬಂದೆ ಅಕ್ಕ. ತುಂಬಾ ದಿನ ಆದ್ಮೇಲೆ ನಿನ್ನೆ ಬಾಗಿಲು ತೆಗೆದಿದ್ದೆ.”

ಆತ ಚಾಚಿದ ಶೀಟುಗಳು ಮುದುಡಿವೆ. ಒಂದಕ್ಕೆ ನೀಲಿ ದಾರದ ತುಂಡು ಅಂಟಿದೆ. ಇನ್ನೊಂದರಲ್ಲಿ ಎರಡು ಮಾತ್ರೆ ಹಾಗೇ ಉಳಿದಿವೆ.

“ಮಧ್ಯೆ ಎರಡು ದಿನ ಎದ್ದೇಳಕ್ಕೇ ಆಗ್ಲಿಲ್ಲ. ಬೈಬೇಡಿ.”

ಅಕ್ಕನ ಕಣ್ಣು ತುಂಬುತ್ತದೆ. “ಬೈಯಲ್ಲ ಅಣ್ಣ. ಸುಳ್ಳು ಶೀಟಲ್ಲಿ ಒಂದೂ ಉಳಿದಿರಲ್ಲ. ಡಾಕ್ಟರಿಗೂ ಹೀಗೇ ಹೇಳಿ.” ಪಕ್ಕದ ಬಾಗಿಲಿನಿಂದ ತಮ್ಮ ಸ್ಟೂಲನ್ನು ಹೊರಗೆ ತಂದು ಆತನನ್ನು ಕೂರಿಸುತ್ತಾರೆ. ಉಳಿದವರಿಗೆ ನಿಂತೇ ಮಾತ್ರೆ ಕೊಡುತ್ತಾರೆ.

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅಕ್ಕ ಮೇಲಿನವರನ್ನು ಕೇಳಿರುವುದು ಒಂದೇ. “ಕಿಟಕಿಯ ಆಚೆಗೂ ಒಂದು ಕುರ್ಚಿ ಹಾಕ್ಸಿ ಅಂತ ಮೂರು ಸಲ ಬರ್ಕೊಟ್ಟಿದೀನಿ. ಹಿಂದೆ ಅಷ್ಟು ಜನ ಕಾಯ್ತಿರುವಾಗ, ನಿಂತ್ಕೊಂಡು ಯಾರು ತಾನೇ ನಿಜ ಹೇಳ್ತಾರೆ?”