ಪೆಟ್ರೋಲು ತುಟ್ಟಿಯಾದಾಗ ಬಂದ ಕುದುರೆ

ಶಿರಾದ ಪಶು ಆಸ್ಪತ್ರೆಗೆ ವರ್ಗವಾಗಿ ಬಂದಾಗ ನನ್ನ ಬಳಿ ಒಂದು ಮೋಟಾರ್ ಸೈಕಲ್ಲು ಇತ್ತು. ಮದುವೆಯಲ್ಲಿ ಮಧುಗಿರಿಯ ಮಾವನವರು ಕೊಡಿಸಿದ್ದು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ದನದ ಡಾಕ್ಟರರು ಸೈಕಲ್ಲಿನಲ್ಲೋ ಎತ್ತಿನ ಗಾಡಿಯಲ್ಲೋ ಹಳ್ಳಿಗಳಿಗೆ ಹೋಗುತ್ತಿದ್ದ ಕಾಲವದು. ನಾನು ಮಾತ್ರ ಔಷಧಿಯ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು, ಒಂದೇ ಬೆಳಿಗ್ಗೆಯಲ್ಲಿ ಮೂರು ನಾಲ್ಕು ಊರು ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡುತ್ತಿದ್ದೆ.

ಅರಬರ ದೇಶದಲ್ಲಿ ಯುದ್ಧವಾಗಿ ಎಣ್ಣೆಯ ಬೆಲೆ ಏರಿದೆ ಎಂದು ರೇಡಿಯೋದಲ್ಲಿ ಕೇಳಿದಾಗ ಅದು ನನಗೆ ಸಂಬಂಧಪಟ್ಟ ಸುದ್ದಿ ಎನ್ನಿಸಲಿಲ್ಲ. ಕೆಲವು ವಾರಗಳಲ್ಲಿ ಹೆದ್ದಾರಿಯ ಬಂಕಿನಲ್ಲಿ ಅದು ಗೊತ್ತಾಯಿತು. ಒಂದು ಸಲ ಏರಿದ್ದು ಇಳಿಯಬಹುದೆಂದು ಕಾದೆ. ಇಳಿಯಲಿಲ್ಲ, ಇನ್ನೂ ಏರಿತು. ಇಲಾಖೆ ಕೊಡುತ್ತಿದ್ದ ಪ್ರಯಾಣ ಭತ್ಯೆ ಮಾತ್ರ ಇದ್ದಲ್ಲೇ ಇತ್ತು. ಇಳಿಜಾರು ಸಿಕ್ಕಿದಲ್ಲೆಲ್ಲ ಎಂಜಿನ್ ಬಂದ್ ಮಾಡಿ ಜಾರಿಕೊಂಡು ಹೋಗುವುದನ್ನು ಕಲಿತೆ. ಆದರೆ ಶಿರಾ ಸೀಮೆಯಲ್ಲಿ ಇಳಿಜಾರು ಎಷ್ಟಿರುತ್ತದೆ? ಯಾರೋ ಹೇಳಿದರೆಂದು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದೆ. ಗಾಡಿ ಕಪ್ಪು ಹೊಗೆ ಕಾರಿ, ಒಂದು ದಿನ ಕೆರೆ ಏರಿಯ ಮೇಲೆ ನಿಂತುಬಿಟ್ಟಿತು. ಅದನ್ನು ತಳ್ಳಿಕೊಂಡು ಬಂದು ಮನೆಯ ಹಿಂದಿನ ಮಾಡಿನಲ್ಲಿ ನಿಲ್ಲಿಸಿದೆ.

ಆಮೇಲೆ ಸೈಕಲ್ಲು ತುಳಿದೆ. ಹಳ್ಳಿಯ ದಾರಿಗಳ ತುಂಬ ಜಾಲಿ ಮುಳ್ಳು. ಹೋಗುವಾಗ ಒಂದು ಪಂಕ್ಚರು, ಬರುವಾಗ ಒಂದು. ಹಸು ಈಯಲಾರದೆ ಒದ್ದಾಡುತ್ತಿದೆ ಎಂದು ಹೇಳಿಕಳಿಸಿದ್ದ ಒಂದು ಮನೆಗೆ ನಾನು ಬೆವರು ಸುರಿಸಿಕೊಂಡು ತಲುಪುವಷ್ಟರಲ್ಲಿ ಹಸುವೂ ಉಳಿದಿರಲಿಲ್ಲ, ಕರುವೂ ಉಳಿದಿರಲಿಲ್ಲ. ಮನೆಯ ಯಜಮಾನ ನನ್ನನ್ನು ಬೈಯಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಆ ದಿನಗಳಲ್ಲೇ ಜಟಕಾ ಓಡಿಸುತ್ತಿದ್ದ ಸಾಬರೊಬ್ಬರು ತಮ್ಮ ಹೆಣ್ಣು ಕುದುರೆಯನ್ನು ಆಸ್ಪತ್ರೆಗೆ ಹಿಡಿದುಕೊಂಡು ಬಂದರು. ಜುಮ್ಮಾ ಮಸೀದಿಯ ಹಿಂದಿನ ಬೀದಿಯವರು. ನನಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವರು. ಗಾಡಿಯ ಪಟ್ಟಿ ಉಜ್ಜಿ ಉಜ್ಜಿ ಕುದುರೆಯ ಹೆಗಲ ಮೇಲೆ ಅಂಗೈಯಗಲ ಹುಣ್ಣಾಗಿತ್ತು. ಒಳಗೆ ಕೀವು ಕಟ್ಟಿತ್ತು. ಕೊಯ್ದು ತೊಳೆದು ಮುಲಾಮು ಹಚ್ಚಿದೆ.

“ಇದಕ್ಕೆ ಗಾಡಿ ಕಟ್ಟೋ ಹಾಗಿಲ್ಲ,” ಎಂದೆ.

“ಎಷ್ಟು ದಿನ ಡಾಕ್ಟರ್ ಸಾಬ್?”

“ದಿನದ ಲೆಕ್ಕ ಅಲ್ಲ ಸಾಬರೇ. ವರ್ಷ ಆಗಬಹುದು. ಪೂರ್ತಿ ಮಾಯದೇ ಪಟ್ಟಿ ಹಾಕಿದ್ರೆ ಮತ್ತೆ ಒಡೆಯುತ್ತೆ.”

ಅವರು ಕುದುರೆಯ ಕುತ್ತಿಗೆ ಸವರಿದರು. “ವರ್ಷ ಇದನ್ನ ಕಟ್ಟಾಕಿ ಹುಲ್ಲು ಹಾಕೋಕೆ ನಮ್ಮ ಕೈಲಿ ಆಗಲ್ಲ. ಬೇರೆಯವ್ರಿಗೆ ಕೊಟ್ರೆ ನಾಳೇನೇ ಗಾಡಿಗೆ ಕಟ್ತಾರೆ,” ಎಂದರು.

ಹುಣ್ಣು ಇದ್ದದ್ದು ಹೆಗಲಿನಲ್ಲಿ. ಬೆನ್ನು ಚೆನ್ನಾಗಿತ್ತು. ಬೆಂಗಳೂರಿನ ಕಾಲೇಜಿನಲ್ಲಿ ಓದುವಾಗ ಎನ್.ಸಿ.ಸಿ.ಯ ಕುದುರೆ ದಳದಲ್ಲಿ ನಾನು ಸವಾರಿ ಕಲಿತಿದ್ದೆ. ಜೀನು ಹಾಕಿದರೆ ಹೆಗಲಿಗೆ ಏನೂ ತಾಗುವುದಿಲ್ಲ. ಆ ಯೋಚನೆ ಬಂದ ಕೂಡಲೇ ಅದು ಬಾಯಿಂದ ಹೊರಟೇಬಿಟ್ಟಿತು: “ನಾನು ಇಟ್ಕೊಳ್ಳಲಾ?”

ನಾನು ಕೊಟ್ಟ ಹಣವನ್ನು ಅವರು ನೋಡದೇ ಜೇಬಿಗಿಳಿಸಿ, ಕುದುರೆಯ ಕಿವಿಯ ಬಳಿ ಏನೋ ಹೇಳಿ ಹೊರಟುಹೋದರು. ಅವರು ಮಾರಿದರು ಎಂದು ನಾನು ತಿಳಿದುಕೊಂಡೆ. ಅವರು ಹಾಗೆ ತಿಳಿದಿರಲಿಲ್ಲ ಎಂಬುದು ನಿಧಾನವಾಗಿ ಗೊತ್ತಾಯಿತು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕುದುರೆಯನ್ನೂ ನನ್ನನ್ನೂ ನೋಡಿದಳು. “ಅಪ್ಪ ಮೋಟಾರ್ ಸೈಕಲ್ ಕೊಡಿಸಿದ್ದು ಇದಕ್ಕಾ? ಊರವರು ನಿಮ್ಮನ್ನ ಪಾಳೇಗಾರ ಅಂತ ಕರೀತಾರೆ ನೋಡ್ತಿರಿ,” ಎಂದಳು. ಊರವರು ಕರೆದದ್ದು ಕುದುರೆ ಡಾಕ್ಟರು ಎಂದು.

ಮೊದಲ ತಿಂಗಳು ಕುದುರೆ ನನ್ನ ಮಾತು ಕೇಳಲಿಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಬಂದರೆ ನಿಂತುಬಿಡುತ್ತಿತ್ತು. ನಾಲ್ಕು ಜನ ಹತ್ತಿದ ಭಾರ ಹಿಂದೆ ಬೀಳುವವರೆಗೂ ಕಾಯುವುದು ಅದರ ಅಭ್ಯಾಸ. ಭಾರ ಬೀಳುತ್ತಿರಲಿಲ್ಲ, ಅದು ಕದಲುತ್ತಿರಲಿಲ್ಲ. ಕಡಲೆಕಾಯಿ ಮಂಡಿಗೆ ಬಂದ ರೈತರು ಗುಂಪುಗೂಡಿ ನೋಡುತ್ತಿದ್ದರು. “ಯಾವೂರಿಗ್ ಹೊಂಟಿದ್ದೀರಾ ಸ್ವಾಮಿ? ನಾವೂ ಹತ್ಕೊಳಾಣಾ?” ಎಂದು ಒಬ್ಬ ಕೇಳಿದ. ಕೊನೆಗೆ ಅಂಗಡಿಯವನೊಬ್ಬ ಒಳಗಿನಿಂದಲೇ “ಚಲ್ ಬೇಟಿ” ಎಂದು ಕೂಗಿದ ಮೇಲೆ ಕುದುರೆ ಹೊರಟಿತು. ಅಂದಿನಿಂದ ನಾನೂ ಹಾಗೆಯೇ ಹೇಳತೊಡಗಿದೆ.

ಲಾರಿಗಳಿಗೆ ಅದು ಹೆದರುತ್ತಿರಲಿಲ್ಲ. ಹಳ್ಳದ ಮರಳಿಗೆ ಹೆದರುತ್ತಿತ್ತು. ಅದನ್ನು ಮರಳಿನಲ್ಲಿ ಇಳಿಸಲು ಒಂದು ಬೇಸಿಗೆ ಹಿಡಿಯಿತು. ಆಮೇಲೆ ಪಟ್ಟನಾಯಕನಹಳ್ಳಿಯ ಕಡೆಗೂ ಹೋಗಿಬರಲು ಸಾಧ್ಯವಾಯಿತು. ಆ ದಿಕ್ಕಿನಲ್ಲಿ ಒಂದು ಗೊಲ್ಲರ ಹಟ್ಟಿ ಇತ್ತು. ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಅಲ್ಲಿ ನನಗೆ ಎಂದೂ ಕೆಲಸ ಆಗಿರಲಿಲ್ಲ. ನಾನು ಬರುವ ಹೊತ್ತಿಗೆ ಕುರಿಗಳು ಬಯಲಲ್ಲಿ ಇರುತ್ತಿದ್ದವು, ಇಲ್ಲದಿದ್ದರೆ ಕುರಿಯೇ ಇಲ್ಲ ಎನ್ನುತ್ತಿದ್ದರು. ಕುದುರೆಯ ಮೇಲೆ ಹೋದ ದಿನ ಹಟ್ಟಿಯ ಹಿರಿಯ ಅಜ್ಜಿ ತಾನೇ ಎದುರಿಗೆ ಬಂದಳು.

“ಆ ಡಬಡಬ ಗಾಡಿ ಏನಾಯ್ತಪ್ಪಾ?”

“ಪೆಟ್ರೋಲ್ ತುಟ್ಟಿ ಅಜ್ಜಿ. ನಿಲ್ಲಿಸಿಬಿಟ್ಟೆ.”

“ಒಳ್ಳೇದಾತು ಬುಡು. ಅದು ಬಂದ್ರೆ ಕುರಿ ದಿಕ್ಕಾಪಾಲಾಗೋವು. ಗಬ್ಬದ ಕುರಿ ಬೇಲಿ ಹಾರಿ ಕಂದು ಹಾಕ್ಬುಟ್ಟಿತ್ತು. ನಿಂಗೆ ಹೆಂಗೆ ಹೇಳಾದು, ದೊಡ್ಡೋರು ಅಂತ ಸುಮ್ಕಿದ್ವಿ ಕಣಪ್ಪ.”

ನನ್ನ ಗಾಡಿಯ ಸದ್ದಿಗೆ ಹೆದರಿ ಅವರ ಕುರಿ ಗರ್ಭ ಕಳೆದುಕೊಂಡ ಸಂಗತಿ ನನಗೆ ಗೊತ್ತಾದದ್ದು ಹೀಗೆ. ಅಂದು ಅಜ್ಜಿ ತನ್ನ ಮಗನನ್ನು ಕರೆದು, “ಲೇ, ಕುರಿ ರೊಪ್ಪದ ಬಾಗ್ಲು ತೆಗಿಲಾ, ಸೂಜಿ ಹಾಕ್ಲಿ,” ಎಂದಳು. ಇಡೀ ಮಂದೆಗೆ ಲಸಿಕೆ ಹಾಕಿದೆ. ಕುದುರೆ ದಣಿದಿದ್ದರಿಂದ ಬಿಸಿಲು ಇಳಿಯುವವರೆಗೂ ಅಲ್ಲಿಂದ ಹೊರಡುವಂತಿರಲಿಲ್ಲ. ಬೇವಿನ ಮರದ ಕೆಳಗೆ ಮಲಗಿದೆ. ಎದ್ದಾಗ ಪಕ್ಕದ ಹಟ್ಟಿಯವರೂ ಬಂದು ತಮ್ಮ ಸರದಿಗೆ ಕಾಯುತ್ತಿದ್ದರು. ಮೊದಲಾದರೆ ನಾನು ಆ ಹೊತ್ತಿಗೆ ಶಿರಾದಲ್ಲಿ ಊಟ ಮಾಡಿ ಮುಗಿಸಿರುತ್ತಿದ್ದೆ.

ಸಾಬರು ಜಟಕಾ ಬಿಟ್ಟಮೇಲೆ ಎಣ್ಣೆ ಗಾಣದಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ್ದರು. ಪ್ರತಿ ಶುಕ್ರವಾರ ನಮಾಜು ಮುಗಿಸಿ ನಮ್ಮ ಮನೆಯ ಹಿತ್ತಲಿಗೆ ಬರುತ್ತಿದ್ದರು. ಜೇಬಿನಲ್ಲಿ ಕುದುರೆಗೆಂದು ಬೆಲ್ಲದ ಚೂರು. ಕುದುರೆ ಅದನ್ನು ತಿನ್ನುವಾಗ ಅವರು ಹೆಬ್ಬೆರಳಿನಿಂದ ಅದರ ಹೆಗಲನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಕುದುರೆ ಚರ್ಮ ಅದುರಿಸುತ್ತಿತ್ತು. ಅವರು ಕೈ ತೆಗೆದು ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು. ನಾನು ಕಿಟಕಿಯಿಂದ ಇದನ್ನು ನೋಡುತ್ತಿದ್ದೆ.

ಹುಣ್ಣು ಮಾಯಲು ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಮಾಯ್ದ ಜಾಗದಲ್ಲಿ ಬಿಳಿಯ ಕೂದಲು ಬಂತು. ಅಷ್ಟರಲ್ಲಿ ಕುದುರೆ ನನಗೂ ಹೊಂದಿಕೊಂಡಿತ್ತು. ನನ್ನ ಹೆಂಡತಿಯೂ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಅದಕ್ಕೆ ಇಡುವುದನ್ನು, ಯಾರೂ ಇಲ್ಲದಾಗ ಅದರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಶುಕ್ರವಾರ ಸಾಬರು ಬಂದು ಹೆಬ್ಬೆರಳು ಒತ್ತಿದರೆ ಈಗ ಕುದುರೆ ಅದುರುತ್ತಿರಲಿಲ್ಲ. ಅವರು ಏನೂ ಕೇಳಲಿಲ್ಲ. ಅವರ ಸೊಂಟ ಬಾಗುತ್ತಿದ್ದುದನ್ನೂ ನಾನು ನೋಡುತ್ತಿದ್ದೆ.

ಒಂದು ಶುಕ್ರವಾರ ನಾನೇ ಹಿತ್ತಲಿಗೆ ಹೋಗಿ ಹೇಳಿದೆ: “ಸಾಬರೇ, ಹುಣ್ಣು ಪೂರ್ತಿ ವಾಸಿಯಾಗಿದೆ. ಇನ್ನು ಗಾಡಿ ಕಟ್ಟಬಹುದು.”

“ಗೊತ್ತು ಡಾಕ್ಟರ್ ಸಾಬ್. ರಂಜಾನ್‌ಗೆ ಮುಂಚೇನೇ ಗೊತ್ತಾಯ್ತು.”

“ಮತ್ತೆ ಯಾಕೆ ಕೇಳಲಿಲ್ಲ?”

“ನೀವಾಗೇ ಹೇಳ್ತೀರೋ ಇಲ್ಲೋ ನೋಡೋಣ ಅಂತ.”

ನನಗೆ ಸ್ವಲ್ಪ ಸಿಟ್ಟು ಬಂತು. ಆಮೇಲೆ ನಗುವೂ ಬಂತು. ಬಾಗಿಲಲ್ಲಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ. “ಅಂದ್ರೆ ಕರ್ಕೊಂಡು ಹೋಗ್ತೀರಾ?” ಎಂದಳು. ಸಾಬರು ತಲೆ ತಗ್ಗಿಸಿದರು. “ಎಲ್ಲಿಗಮ್ಮಾ, ಇದೇ ಊರಲ್ಲಿ ಇರ್ತದಲ್ಲ,” ಎಂದರು.

ಮೊದಲು ಮಾಡಿಕೊಂಡ ಏರ್ಪಾಡು ಇದು: ಸಂತೆಯ ದಿನ ಮತ್ತು ಹಬ್ಬದ ದಿನಗಳಲ್ಲಿ ಕುದುರೆ ಜಟಕಾಕ್ಕೆ, ಮಿಕ್ಕ ದಿನ ನನಗೆ. ತಮ್ಮ ಮನೆಯ ಹಿಂದೆ ಗೆದ್ದಲು ಹಿಡಿಯುತ್ತಿದ್ದ ಜಟಕಾ ಗಾಡಿಗೆ ಸಾಬರು ಹೊಸ ಮೂಕಿಮರ ಹಾಕಿಸಿದರು. ಎರಡೇ ತಿಂಗಳಲ್ಲಿ ಕುದುರೆಯ ಪಕ್ಕೆಲುಬು ಕಾಣತೊಡಗಿತು. ಇಬ್ಬರ ಕೆಲಸ ಒಂದು ಪ್ರಾಣಿಗೆ ಹೆಚ್ಚಾಗುತ್ತದೆ ಎಂಬುದನ್ನು ತಿಳಿಯಲು ದನದ ಡಾಕ್ಟರೇ ಬೇಕಾಗಿರಲಿಲ್ಲ. ಯಾರಾದರೂ ಒಬ್ಬರು ಬಿಡಬೇಕಾಗಿತ್ತು. ನನಗೆ ಸಂಬಳವಿತ್ತು. ನಾನು ಬಿಟ್ಟೆ.

ಬಿಟ್ಟಮೇಲೆ ಹಳ್ಳಿಗಳಿಗೆ ಹೋಗುವುದು ಹೇಗೆ? ಸರ್ಕಾರಿ ಆಸ್ಪತ್ರೆಯ ಸೂಲಗಿತ್ತಿ ನರ್ಸಮ್ಮನಿಗೂ ಇದೇ ತೊಂದರೆ. ಅವರ ಇಲಾಖೆಯ ಜೀಪಿಗೂ ತಿಂಗಳ ಮೊದಲ ವಾರದ ನಂತರ ಎಣ್ಣೆ ಇರುತ್ತಿರಲಿಲ್ಲ. ಇಬ್ಬರೂ ಹೋಗುತ್ತಿದ್ದುದು ಹೆಚ್ಚುಕಡಿಮೆ ಅದೇ ಊರುಗಳಿಗೆ. ವಾರದಲ್ಲಿ ಎರಡು ದಿನ ಸಾಬರ ಜಟಕಾದಲ್ಲಿ ಜೊತೆಯಾಗಿ ಹೋಗುವುದೆಂದು ಗೊತ್ತುಮಾಡಿದೆವು. ಬಾಡಿಗೆ ಹಂಚಿಕೊಂಡೆವು. ಸಾಬರು ಗಾಣದ ಕೆಲಸ ಬಿಟ್ಟರು. ಒಂದೇ ಗಾಡಿಯಲ್ಲಿ ನನ್ನ ಲಸಿಕೆಯ ಫ್ಲಾಸ್ಕು, ನರ್ಸಮ್ಮನ ಕಪ್ಪು ಚೀಲ, ಕಾಲ ಬಳಿ ಕುದುರೆಗೆ ಬೇಯಿಸಿದ ಹುರುಳಿಯ ಡಬ್ಬ. ಊರ ಮುಂದೆ ಜಟಕಾ ನಿಂತರೆ ಜನ ಕೇಳುತ್ತಿದ್ದರು: “ಇವತ್ತು ಮನ್ಸರಿಗೋ ದನಕ್ಕೋ?” ನರ್ಸಮ್ಮ, “ಎರಡಕ್ಕೂ ಕಣಮ್ಮ, ಯಾರಿಗ್ ಅವಸರವೋ ಅವ್ರು ಮೊದ್ಲು ಬರ್ರಿ,” ಎನ್ನುತ್ತಿದ್ದರು. ಪೆಟ್ರೋಲು ಅಗ್ಗವಾಗಿದ್ದಾಗ ನಾವಿಬ್ಬರೂ ಅದೇ ಊರುಗಳಿಗೆ ಬೇರೆ ಬೇರೆ ದಿನ ಹೋಗಿಬರುತ್ತಿದ್ದೆವು. ಪರಸ್ಪರ ಮುಖ ಪರಿಚಯವೂ ಇರಲಿಲ್ಲ.

ಇದು ಎರಡು ವರ್ಷಕ್ಕೂ ಹೆಚ್ಚು ನಡೆಯಿತು. ಮೋಟಾರ್ ಸೈಕಲ್ಲನ್ನು ಕೊರಟಗೆರೆಯ ಒಬ್ಬ ವ್ಯಾಪಾರಿ ಕೊಂಡುಕೊಂಡು ಹೋದ. ಮಾವನವರಿಗೆ ಈ ಸುದ್ದಿಯನ್ನು ನನ್ನ ಹೆಂಡತಿಯೇ ತಿಳಿಸಿದಳು. ಅವರು ಏನೆಂದರೆಂದು ನಾನು ಕೇಳಲಿಲ್ಲ.

ಆಮೇಲೆ ನನಗೆ ಪಾವಗಡಕ್ಕೆ ವರ್ಗವಾಯಿತು. ನಮ್ಮ ಟ್ರಂಕುಗಳನ್ನು ಸಾಬರೇ ಬಸ್ ಸ್ಟ್ಯಾಂಡಿಗೆ ತಂದರು. ನನ್ನ ಹೆಂಡತಿ ಕುದುರೆಯ ಹಣೆಯನ್ನು ಸವರಿ, ಹಿಂತಿರುಗಿ ನೋಡದೆ ಬಸ್ಸು ಹತ್ತಿದಳು. ನಾನು ಸಾಬರ ಕೈ ಹಿಡಿದುಕೊಂಡೆ. “ಹೆಗಲು ನೋಡ್ತಾ ಇರಿ,” ಎಂದೆ.

ಪಾವಗಡದಲ್ಲಿ ಆಸ್ಪತ್ರೆಗೆ ಜೀಪು ಇತ್ತು. ಕೆಲವು ಕಾಲ ಸುಖವಾಗಿ ಓಡಾಡಿದೆ. ದಶಕದ ಕೊನೆಗೆ ಎಣ್ಣೆಯ ಬೆಲೆ ಮತ್ತೊಮ್ಮೆ ಏರಿತು. ಜೀಪು ಅರ್ಧ ತಿಂಗಳು ಹುಣಸೆ ಮರದ ಕೆಳಗೆ ನಿಲ್ಲತೊಡಗಿತು. ರಾಯಚರ್ಲು ಕಡೆಯ ರೈತನೊಬ್ಬ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ತೆಲುಗು ಬೆರೆಸಿ ನನಗೆ ಹೇಳಿದ: “ಜೀಪು ಉಂದಿ, ಡೀಜಲ್ ಲೇದು ಅಂದ್ರೆ ನಮ್ ಎಮ್ಮೆ ಗತಿ ಏನ್ ಸಾರ್?”

ಅಲ್ಲಿ ಜಟಕಾ ಇರಲಿಲ್ಲ. ಬಸ್ಸು ಇತ್ತು, ದಿನಕ್ಕೊಂದೆರಡು. ಯಾವ ವಾರ ಯಾವ ಊರಿನ ಗೇಟಿನಲ್ಲಿ, ಎಂದರೆ ಊರಿಗೆ ತಿರುಗುವ ದಾರಿಯ ಬಳಿ, ಇಳಿಯುತ್ತೇನೆಂದು ಮೊದಲೇ ಹೇಳಿಕಳಿಸಿದೆ. ಕರೆದಾಗ ಹೋಗುವ ಡಾಕ್ಟರು ಹೋಗಿ, ಬರುವ ದಿನಕ್ಕೆ ಜನ ಕಾಯುವ ಡಾಕ್ಟರಾದೆ. ಮೊದಲ ದಿನ ಗೇಟಿನಲ್ಲಿ ಒಬ್ಬಳೇ ಮುದುಕಿ ಇದ್ದಳು, ಒಂದು ಕೋಳಿಯೊಂದಿಗೆ. ಆ ಮಳೆಗಾಲ ಮುಗಿಯುವ ಹೊತ್ತಿಗೆ ರಸ್ತೆಯ ಎರಡೂ ಬದಿ ದನ, ಎಮ್ಮೆ, ಕುರಿ ಸಾಲಾಗಿ ನಿಲ್ಲುತ್ತಿದ್ದವು.

ಒಂದು ದಿನ ನಾನು ಇಳಿಯಬೇಕಾದ ಊರು ಇನ್ನೂ ಮುಂದಿತ್ತು. ನಡುದಾರಿಯಲ್ಲಿ ಒಬ್ಬ ಮೇಕೆಯನ್ನು ಹೆಗಲ ಮೇಲೆ ಹೊತ್ತು ಬಸ್ಸಿಗೆ ಅಡ್ಡ ನಿಂತ. ಕಂಡಕ್ಟರ್ ಕೂಗಿದ: “ಮೇಕೆ ಹತ್ತಿಸೋ ಹಂಗಿಲ್ಲಪ್ಪೋ!”

“ಹತ್ತಿಸಾಕಲ್ಲ. ಒಳ್ಗೆ ದನದ ಡಾಕ್ಟ್ರು ಅವ್ರೆ ಅಂದ್ರು. ಒಂದ್ಸಲ ನೋಡ್ಬುಡ್ಲಿ.”

ಡ್ರೈವರು ಎಂಜಿನ್ ಬಂದ್ ಮಾಡಿದ. “ಸುಮ್ನೆ ಓಡಿಸ್ಕೊಂಡು ನಿಂತ್ರೆ ಎಣ್ಣೆ ದಂಡ,” ಎಂದ. ನಾನು ಫುಟ್‌ಬೋರ್ಡಿನ ಮೇಲೆ ಕುಳಿತೆ. ಆ ಮನುಷ್ಯ ಮೇಕೆಯ ಬಾಯಿ ಬಿಡಿಸಿ ಹಿಡಿದ. ಕೆನ್ನೆಯ ಒಳಗೆ ಜಾಲಿ ಮುಳ್ಳೊಂದು ಚುಚ್ಚಿಕೊಂಡಿತ್ತು. ಪೆಟ್ಟಿಗೆಯಿಂದ ಇಕ್ಕಳ ತೆಗೆದೆ. ಕಿಟಕಿಗಳಿಂದ ತಲೆ ಹೊರಹಾಕಿದ್ದ ಪ್ರಯಾಣಿಕರು ಇಕ್ಕಳ ಹೇಗೆ ಹಿಡಿಯಬೇಕೆಂದು ನನಗೆ ಕನ್ನಡದಲ್ಲೂ ತೆಲುಗಿನಲ್ಲೂ ಹೇಳಿಕೊಡುತ್ತಿದ್ದರು.