ದಂಡಿನ ಕಚೇರಿಯಲ್ಲಿ ಮಿಫ್ಲೆಹನ ಕಾಫಿ

ಮಿಫ್ಲೆಹನ ಹತ್ತಿರ ಇದ್ದದ್ದು ಕಪ್ಪು ಕಲ್ಲು ತುಂಬಿದ ಒಂದು ತುಂಡು ಗೋಧಿ ಹೊಲ, ಒಂದು ಹಠಮಾರಿ ಕತ್ತೆ, ಮತ್ತೆ ಕಾಫಿ ಕುಡಿಯದೆ ಕೂರುವ ವಿದ್ಯೆ. ಹೊಲ ಮತ್ತು ಕತ್ತೆಯಿಂದ ಹೊಟ್ಟೆ ತುಂಬುತ್ತಿತ್ತು, ವಿದ್ಯೆಯಿಂದ ಹೆಸರು ಬಂದಿತ್ತು.

ದಮಾಸ್ಕಸ್ಸಿನ ದಕ್ಷಿಣಕ್ಕಿರುವ ನಮ್ಮ ಹೌರಾನ್ ಸೀಮೆಯಲ್ಲಿ ಹೆಣ್ಣು ಕೇಳುವುದಿರಲಿ, ಕೊಲೆಯ ಹಗೆ ತೀರಿಸುವುದಿರಲಿ, ಯಾರೂ ತಮ್ಮ ಕೆಲಸಕ್ಕೆ ತಾವೇ ಹೋಗುವುದಿಲ್ಲ. ನಾಲ್ಕು ಜನ ಹಿರಿಯರನ್ನು ಮುಂದೆ ಮಾಡಿಕೊಂಡು ಕೇಳಲು ಹೊರಡಬೇಕು; ಆ ನಿಯೋಗಕ್ಕೆ ಜಾಹಾ ಎನ್ನುತ್ತೇವೆ. ಮನೆಯವನು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಹಿ ಕಾಫಿ ಬಗ್ಗಿಸಿ ಕೊಡುತ್ತಾನೆ. ಜಾಹಾದ ಹಿರಿಯ ಅದನ್ನು ಬಲಗೈಯಲ್ಲಿ ತೆಗೆದುಕೊಂಡು, ತುಟಿಗೆ ತಾಗಿಸದೆ ಮುಂದಿಟ್ಟು, ಬಂದ ಕೆಲಸ ಆಗುವವರೆಗೂ ಕುಡಿಯುವುದಿಲ್ಲ ಎನ್ನುತ್ತಾನೆ. ಅವನು ಕುಡಿಯದೆ ಎದ್ದುಹೋದನೋ, ಆ ಮನೆಯ ಮಾನ ಹರಾಜಾಯಿತು. ಕುಡಿದನೋ, ಮಾತು ಮುಗಿಯಿತು. ಮನೆಯವನು ಕೊಟ್ಟ ಮಾತು ನಡೆಸಬೇಕು, ಕೇಳಿದವನು ಮತ್ತೆ ಅದೇ ವಿಷಯಕ್ಕೆ ಬಾಯಿ ತೆರೆಯಬಾರದು.

ಈ ಕೆಲಸಕ್ಕೆ ಮಿಫ್ಲೆಹನಂಥವನು ಸುತ್ತ ಹತ್ತೂರಿನಲ್ಲಿ ಇರಲಿಲ್ಲ. ಬಟ್ಟಲು ಮುಂದಿಟ್ಟು ಅವನು ಮೀಸೆ ನೀವಿಕೊಂಡು ಸುಮ್ಮನೆ ಕೂತನೆಂದರೆ ಹೆಣ್ಣಿನ ಅಪ್ಪಂದಿರಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಒಮ್ಮೆ ಒಬ್ಬ ಜಿಪುಣ ಮಾವನ ಮುಂದೆ ಅವನ ಕಾಫಿಯಲ್ಲಿ ನೊಣ ಬಿದ್ದು ಈಜಿ ದಡ ಸೇರಿ ಹಾರಿಹೋಗುವವರೆಗೂ ಕೂತಿದ್ದನಂತೆ. ಮಾವ ಕೈಮುಗಿದು ಹೆಣ್ಣು ಕೊಟ್ಟ. ಇದನ್ನು ಮಿಫ್ಲೆಹನೇ ಎಲ್ಲರಿಗೂ ಹೇಳುತ್ತಿದ್ದನಾದ್ದರಿಂದ ನೊಣದ ಭಾಗವನ್ನು ನಾನು ಪೂರ್ತಿ ನಂಬುವುದಿಲ್ಲ.

ಅವನ ಒಬ್ಬನೇ ಮಗ ಹಾಯಿಲ್‌ನ ಮದುವೆ ಒಂದು ಗುರುವಾರ ನಡೆಯಿತು. ಅರವತ್ತರ ದಶಕದ ಮೊದಲ ವರ್ಷಗಳು ಅವು. ದಮಾಸ್ಕಸ್ಸಿನಲ್ಲಿ ಸರ್ಕಾರಗಳು ಬಟ್ಟೆ ಬದಲಿಸಿದಂತೆ ಬದಲಾಗುತ್ತಿದ್ದ ಕಾಲ. ಬೆಳಗ್ಗೆ ಎದ್ದು ರೇಡಿಯೋ ಹಾಕಿದರೆ ಹಾಡು ಬರುತ್ತಿದೆಯೋ ದಂಡಿನ ಬ್ಯಾಂಡು ಬರುತ್ತಿದೆಯೋ ನೋಡಿಕೊಂಡೇ ಜನ ಹೊರಗೆ ಕಾಲಿಡುತ್ತಿದ್ದರು. ಮದುವೆಯ ದಿನ ಯಾರು ರೇಡಿಯೋ ಕೇಳುತ್ತಾರೆ? ಮದುಮಗನನ್ನು ಕುದುರೆ ಮೇಲೆ ಕೂರಿಸಿ, ಡೋಲು ಬಾರಿಸಿ, ಪದ್ಧತಿಯಂತೆ ಆಕಾಶಕ್ಕೆ ಗುಂಡು ಹಾರಿಸಿಕೊಂಡು ಮೆರವಣಿಗೆ ಹೊರಟಿತು. ಅದೇ ಹೊತ್ತಿಗೆ ಉತ್ತರದಲ್ಲಿ ಯಾವುದೋ ಸೇನಾ ತುಕಡಿ ದಂಗೆ ಎದ್ದು ರೇಡಿಯೋದಲ್ಲಿ ಬ್ಯಾಂಡು ಹಾಕಿಸಿತ್ತು. ಸಂಜೆಯೊಳಗೆ ಸರ್ಕಾರ ದಂಗೆಯನ್ನು ಅಡಗಿಸಿತು. ಊರಿನ ದಂಡಿನ ಕಚೇರಿಯ ಮುಖ್ಯಸ್ಥ ಕ್ಯಾಪ್ಟನ್ ವಜೀಹ್ ಆಮೇಲೆ ಮೊದಲು ಮಾಡಿದ ಕೆಲಸವೆಂದರೆ, ದಂಗೆಯ ಸುದ್ದಿ ಕೇಳಿ ಖುಷಿಗೆ ಗುಂಡು ಹಾರಿಸಿದವರ ನಾಯಕನನ್ನು ಹಿಡಿಸಿದ್ದು. ಕುದುರೆ ಮೇಲಿದ್ದವನೇ ನಾಯಕನಿರಬೇಕಲ್ಲ! ಸೈನಿಕರು ಹಾಯಿಲ್‌ನನ್ನು ಮದುವಣಿಗನ ಬಿಳಿ ಉಡುಪಿನಲ್ಲೇ ಎಳೆದುಕೊಂಡು ಹೋದರು. ಮದುಮಗಳು ತುರ್ಫಾ ಅತ್ತೆ ಮನೆಯ ಕೋಣೆಯಲ್ಲಿ ಒಬ್ಬಳೇ ಕೂತಳು.

ಶುಕ್ರವಾರ ಬೆಳಗ್ಗೆ ಮಿಫ್ಲೆಹ ಜಾಹಾ ಕಟ್ಟಲು ಹೊರಟ. ಊರಿನ ಮುಖಂಡನಿಗೆ ಸೊಂಟ ಹಿಡಿದಿತ್ತು. ಮಸೀದಿಯ ಗುರುಗಳಿಗೆ ಅಂದಿನ ಪ್ರವಚನ ಸಿದ್ಧವಾಗಿರಲಿಲ್ಲ. ತುರ್ಫಾಳ ಅಪ್ಪ ಬಾಗಿಲನ್ನು ಅರ್ಧ ತೆರೆದು ನಿಂತ.

"ಬೀಗರೇ, ನಾನು ಹೆಣ್ಣು ಕೊಟ್ಟಾಯ್ತು. ಇನ್ನೇನ್ ಕೇಳೋಕ್ ಬಂದ್ರಿ?"

"ನಿಮ್ ಅಳಿಯ ಜೈಲಲ್ಲಿದಾನೆ, ಮಾರಾಯ್ರೇ. ನನ್ನ ಜೊತೆ ನಾಲ್ಕು ಹೆಜ್ಜೆ ಬನ್ನಿ."

"ಬರ್ತಿದ್ದೆ. ನನ್ ಕುರಿ ಒಂದು ಈಯೋ ಹಾಗಿದೆ."

ಅದು ಕುರಿ ಈಯುವ ಕಾಲವೇ ಅಲ್ಲ. ಮಿಫ್ಲೆಹ ಮನೆಗೆ ಬಂದು ಒಳ್ಳೆಯ ಮೇಲಂಗಿ ಹಾಕಿಕೊಂಡ. ಹೆಂಡತಿ ಫಿದ್ದಾ ಬಾಗಿಲಿಗೆ ಅಡ್ಡ ನಿಂತಳು.

"ಒಬ್ರೇ ಹೋಗ್ತೀರಾ? ಅಪ್ಪ ಆದೋನು ತಾನೇ ಹೋಗಿ ಕೇಳೋದು ಎಲ್ಲಾದ್ರೂ ಉಂಟಾ? ನಗ್ತಾರೆ ಜನ."

"ನಗ್ಲಿ ಬಿಡು. ಊರಿನ ಗಂಡುಮಕ್ಕಳಿಗೆಲ್ಲ ಹೆಣ್ಣು ಕೇಳ್ದೆ. ಇವತ್ತು ನನ್ ಮಗನ್ನ ಕೇಳೋಕೆ ನನ್ ಬಿಟ್ರೆ ಯಾರೂ ಇಲ್ಲ," ಎಂದ ಮಿಫ್ಲೆಹ. ಅವಳನ್ನು ಪಕ್ಕಕ್ಕೆ ಸರಿಸಿ ಹೊರಟ.

ಕ್ಯಾಪ್ಟನ್ ವಜೀಹ್ ಹೋಮ್ಸ್ ಊರಿನವನು. ಹೋಮ್ಸ್‌ನವರ ಪೆದ್ದುತನದ ಮೇಲೆ ದೇಶವೆಲ್ಲ ನಗೆಹನಿ ಕಟ್ಟುತ್ತದೆ. ಅದಕ್ಕೇ ಇರಬೇಕು, ಅವನು ಯಾವಾಗಲೂ ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ. ಆದರೂ ಮುದುಕ ಬಂದನಲ್ಲ ಎಂದು ಕಾಫಿ ತರಿಸಿದ. ಮಿಫ್ಲೆಹ ಬಟ್ಟಲು ತೆಗೆದುಕೊಂಡ, ಮೇಜಿನ ಮೇಲಿಟ್ಟ.

"ಕುಡೀರಿ ಚಿಕ್ಕಪ್ಪಾ, ಆರಿಹೋಗುತ್ತೆ."

"ಆರ್ಲಿ ಸಾಹೇಬ್ರೇ. ನನ್ ಕೆಲ್ಸ ಆಗೋವರೆಗೂ ಕುಡಿಯಲ್ಲ."

"ಯಾಕೆ? ವಿಷ ಹಾಕಿದೀನಿ ಅಂದ್ಕೊಂಡ್ರಾ?"

ಬಾಗಿಲಲ್ಲಿ ನಿಂತಿದ್ದ ಸಾರ್ಜೆಂಟ್ ಶಲ್ಲಾಶ್ ಈ ಸೀಮೆಯವನೇ. ಅವನು ಕ್ಯಾಪ್ಟನ್ನನ ಕಿವಿಯಲ್ಲಿ ಪದ್ಧತಿಯನ್ನು ಬಿಡಿಸಿ ಹೇಳಿದ. ಕ್ಯಾಪ್ಟನ್ ಬಟ್ಟಲನ್ನು ಸಿಡಿಯದ ಬಾಂಬನ್ನು ನೋಡುವಂತೆ ನೋಡಿದ.

"ನಿಮ್ ಮಗ ದಂಗೆಯ ಖುಷಿಗೆ ಗುಂಡು ಹಾರಿಸಿದಾನೆ. ಹೆಂಗ್ ಬಿಡ್ಲಿ?"

"ಅವನು ಹಾರಿಸಿದ್ದು ಹೆಂಡ್ತಿ ಬಂದ ಖುಷಿಗೆ."

"ಹೆಂಡ್ತಿ ಬಂದಿದ್ದಕ್ಕೆ ಅಷ್ಟೊಂದು ಗುಂಡಾ? ನನ್ ಮದ್ವೇಲಿ ಒಂದ್ ಪಟಾಕಿನೂ ಹೊಡೀಲಿಲ್ಲ."

"ಅದು ನಿಮ್ ಹೆಂಡ್ತಿಗೆ ಆದ ಅನ್ಯಾಯ, ಸಾಹೇಬ್ರೇ. ನನ್ ಮಗ ಏನ್ ಮಾಡ್ದ?"

ಶಲ್ಲಾಶ್ ಗೋಡೆಯ ಕಡೆ ತಿರುಗಿ ಕೆಮ್ಮಿದ. ಕ್ಯಾಪ್ಟನ್ ಮೇಲಿನವರನ್ನು ಕೇಳಿ ಹೇಳುತ್ತೇನೆಂದ. ಮಿಫ್ಲೆಹ ಸರಿ ಎಂದು ಅಲ್ಲೇ ಕೂತ, ಮೀಸೆ ನೀವಿಕೊಂಡ. ಮಧ್ಯಾಹ್ನದ ನಮಾಜಿನವರೆಗೂ ಕ್ಯಾಪ್ಟನ್ ತನ್ನದೇ ಕೋಣೆಗೆ ಬರಲು ಹೆದರಿ ಅಂಗಳದಲ್ಲೇ ತಿರುಗಾಡಿದ.

ಮಧ್ಯಾಹ್ನ ರೇಡಿಯೋ ಮತ್ತೆ ಬ್ಯಾಂಡು ಬಾರಿಸಿತು. ಆಮೇಲೆ ಒಂದು ದಪ್ಪ ದನಿ ಪ್ರಕಟಣೆ ಸಂಖ್ಯೆ ಒಂದನ್ನು ಓದಿತು. ಈ ಸಲ ಸರ್ಕಾರ ನಿಜವಾಗಿಯೂ ಬಿದ್ದಿತ್ತು. ಕ್ಯಾಪ್ಟನ್ನನ ಕೈಕೆಳಗಿದ್ದ ಲೆಫ್ಟಿನೆಂಟ್ ಮುಂಜಿರ್ ಎದ್ದು ನಿಂತು ಸೆಲ್ಯೂಟ್ ಹೊಡೆದು, "ತಪ್ಪು ತಿಳ್ಕೋಬೇಡಿ ಸಾರ್," ಎಂದು ಅವನ ಪಿಸ್ತೂಲು ತೆಗೆದುಕೊಂಡ. ಕಚೇರಿಯಲ್ಲಿ ಇದ್ದದ್ದು ಒಂದೇ ಜೈಲುಕೋಣೆ. ಕ್ಯಾಪ್ಟನ್ನನನ್ನು ಅದಕ್ಕೇ ತಳ್ಳಿದರು, ಬಿಳಿ ಉಡುಪಿನ ಮದುಮಗನ ಪಕ್ಕಕ್ಕೆ.

ಮುಂಜಿರ್ ಬಂದು ಕುರ್ಚಿಯಲ್ಲಿ ಕೂತರೆ ಎದುರಿಗೆ ಮುದುಕ.

"ಇದ್ಯಾರು?"

"ಅತಿಥಿ, ಸಾರ್," ಎಂದ ಶಲ್ಲಾಶ್.

"ಯಾರ ಅತಿಥಿ?"

"ಕುರ್ಚೀಲಿ ಯಾರಿರ್ತಾರೋ ಅವರದ್ದು, ಸಾರ್."

ಇನ್ನೊಂದು ಬಟ್ಟಲು ಬಂತು, ಅದೂ ಮೊದಲಿನದರ ಪಕ್ಕ ಕೂತಿತು. ಮಿಫ್ಲೆಹನ ಎದೆ ಹಗುರಾಗಿತ್ತು. ಮಗ ದಂಗೆಯ ಖುಷಿಗೆ ಗುಂಡು ಹಾರಿಸಿದನೆಂದಲ್ಲವೆ ಆರೋಪ? ಈಗ ದಂಗೆಯವರದೇ ರಾಜ್ಯ. ಒಂದೇ ಒಂದು ಸುಳ್ಳು ಹೇಳಿದರೆ ಮಗ ಮನೆಗೆ ಬರುತ್ತಾನೆ. ಬದುಕಿನಲ್ಲಿ ಒಮ್ಮೆಯೂ ಜಾಹಾದಲ್ಲಿ ಕೂತು ಸುಳ್ಳಾಡದವನು ನೆಲ ನೋಡಿಕೊಂಡು ಹೇಳಿದ: "ನನ್ ಮಗ ನಿಮ್ ಕಡೆಯೋನೇ ಸಾಹೇಬ್ರೇ. ಗುರುವಾರ ನಿಮಗೋಸ್ಕರನೇ ಗುಂಡು ಹಾರಿಸ್ದ."

ಮುಂಜಿರ್ ಮೇಜು ಗುದ್ದಿದ. ಎರಡು ಬಟ್ಟಲೂ ಕುಣಿದವು.

"ಗುರುವಾರದ್ದು ನಮ್ ದಂಗೆ ಅಲ್ಲ ಮುದುಕಾ! ಅವರು ಬೇರೆ ಗುಂಪು. ನಮ್ ಪರಮ ಶತ್ರುಗಳು. ನಮ್ಮದು ಶುಕ್ರವಾರದ್ದು!"

ಮಿಫ್ಲೆಹನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಸುಳ್ಳನ್ನೂ ಹೇಳಿದ್ದಾಯಿತು, ಮಗನ ಕುತ್ತಿಗೆಗೆ ಹಗ್ಗವನ್ನೂ ಬಿಗಿದದ್ದಾಯಿತು. ಎದ್ದುಹೋಗಲು ಮಾತ್ರ ಅವನಿಗೆ ಬರುತ್ತಿರಲಿಲ್ಲ, ಹಾಗಾಗಿ ಕೂತೇ ಇದ್ದ. ಫಿದ್ದಾ ಮದುವೆಯಲ್ಲಿ ಮಿಕ್ಕಿದ್ದ ಅನ್ನ, ಕುರಿಮಾಂಸವನ್ನು ಶಲ್ಲಾಶ್‌ನ ಕೈಯಲ್ಲಿ ಕಳಿಸಿದಳು. ಶಲ್ಲಾಶ್ ಅದನ್ನು ಜೈಲುಕೋಣೆಯ ಇಬ್ಬರಿಗೂ ಕೊಟ್ಟ. ಮಿಫ್ಲೆಹ ಅಲ್ಲೇ ಬೆಂಚಿನ ಮೇಲೆ ಮಲಗಿ ಎದ್ದ.

ಶನಿವಾರ ಬೆಳಗ್ಗೆ ದಮಾಸ್ಕಸ್ಸಿನಲ್ಲಿ ದಂಡಿನವರು ತಮ್ಮತಮ್ಮಲ್ಲೇ ಜಗಳಾಡಿ, ಹಳೆಯ ಸರ್ಕಾರವೇ ವಾಸಿಯೆಂದು ಅದನ್ನು ಮತ್ತೆ ತಂದು ಕೂರಿಸಿದರು. ಶಲ್ಲಾಶ್ ಬೀಗ ತೆಗೆದು ಕ್ಯಾಪ್ಟನ್ನನನ್ನು ಹೊರಗೆ ಬಿಟ್ಟ, ಲೆಫ್ಟಿನೆಂಟನನ್ನು ಒಳಗೆ ಹಾಕಿದ, ಬೀಗದ ಕೈಯನ್ನು ಕ್ಯಾಪ್ಟನ್ನನಿಗೆ ಒಪ್ಪಿಸಿದ. ಕ್ಯಾಪ್ಟನ್ ಬಂದವನೇ ಮುದುಕನ ಎದುರು ದೊಪ್ಪನೆ ಕೂತ. ಒಂದೇ ದಿನಕ್ಕೆ ಗಡ್ಡ ಬಂದು ಬೇರೆ ಮನುಷ್ಯನಂತೆ ಕಾಣುತ್ತಿದ್ದ.

"ನಿಮ್ ಮಗ ಬೆಳತನಕ ಹೆಂಡ್ತಿ ವಿಷ್ಯಾನೇ ಮಾತಾಡ್ದ, ಚಿಕ್ಕಪ್ಪಾ. ಅವಳ ಹುಬ್ಬು ಹಿಂಗಿದೆಯಂತೆ, ಅವಳ ನಗು ಹಂಗಿದೆಯಂತೆ. ಒಂದ್ ಸಲನೂ ರಾಜಕೀಯ ಬರ್ಲಿಲ್ಲ. ಇಂಥೋನು ದಂಗೆ ಮಾಡ್ತಾನಾ?"

"ನಾನು ಅದನ್ನೇ ಹೇಳ್ದೆ."

"ಕರ್ಕೊಂಡ್ ಹೋಗಿ. ನನ್ ಮಾತು. ಈಗ ದಮ್ಮಯ್ಯ, ಆ ಕಾಫಿ ಕುಡೀರಿ."

ಹೊಸ ಬಟ್ಟಲು ಬಂತು. ಮಿಫ್ಲೆಹ ಒಂದೇ ಗುಟುಕಿಗೆ ಕುಡಿದು, ಬಟ್ಟಲನ್ನು ಅಲ್ಲಾಡಿಸಿ ಸಾಕು ಎಂದು ಹಿಂದಕ್ಕೆ ಕೊಟ್ಟ. ಕ್ಯಾಪ್ಟನ್ ಬೀಗದ ಕೈ ಹಿಡಿದು ಅಂಗಳ ದಾಟಿದ. ಅವನು ಜೈಲುಕೋಣೆಯ ಬಾಗಿಲು ತೆರೆಯುವುದಕ್ಕೂ ರೇಡಿಯೋ ಬ್ಯಾಂಡು ಬಾರಿಸುವುದಕ್ಕೂ ಸರಿಹೋಯಿತು. ಸೈನಿಕರೆಲ್ಲ ನಿಂತಲ್ಲೇ ನಿಂತರು. ಒಳಗಿದ್ದ ಮುಂಜಿರ್ ಕೂದಲು ಸರಿಮಾಡಿಕೊಂಡು ಹೊರಗೆ ಬಂದ.

"ನಮ್ಮೋರೇ ಗೆದ್ರು ಅನ್ಸುತ್ತೆ. ಒಳಗೆ ನಡೀರಿ ಸಾರ್. ಮದುಮಗ, ನೀನೂ."

ಬಾಗಿಲು ಎಳೆದರೆ ತಾನಾಗಿ ಬೀಗ ಬೀಳುವ ಬಾಗಿಲು ಅದು. ಎಳೆದರು, ಬಿತ್ತು.

ಮಿಫ್ಲೆಹ ಅಂಗಳದ ನಡುವೆ ನಿಂತಿದ್ದ. ಅವನ ಬಾಯಲ್ಲಿ ಇನ್ನೂ ಕಾಫಿಯ ಕಹಿ ಇತ್ತು. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅದನ್ನು ಮುಗಿಸಿಬಿಟ್ಟಿದ್ದ. ಕುಡಿದಮೇಲೆ ಕೇಳುವಂತಿಲ್ಲ. ಮುಂಜಿರ್ ಅವನನ್ನು ಗೇಟಿನಿಂದ ಹೊರಗೆ ಹಾಕಿಸಿದ. ಮಿಫ್ಲೆಹ ಗೋಡೆಗೆ ಒರಗಿ ಮಣ್ಣಿನಲ್ಲಿ ಕೂತು, ದಾರಿಯಲ್ಲಿ ಹೋಗುವವರ ಎದುರಿಗೇ ಚಿಕ್ಕ ಮಗುವಿನಂತೆ ಅತ್ತ.

ಗಲಿಬಿಲಿಯಲ್ಲಿ ಒಂದು ಸಂಗತಿ ಯಾರಿಗೂ ಹೊಳೆಯಲಿಲ್ಲ. ಬೀಗದ ಕೈ ಕ್ಯಾಪ್ಟನ್ನನ ಜೇಬಿನಲ್ಲೇ ಒಳಗೆ ಹೋಗಿತ್ತು.

ಸಂಜೆ ಪ್ರಕಟಣೆ ಕೇಳಲು ಸೈನಿಕರೆಲ್ಲ ರೇಡಿಯೋದ ಸುತ್ತ ನೆರೆದಾಗ ಕ್ಯಾಪ್ಟನ್ ಸರಳಿನ ನಡುವೆ ಕೈ ತೂರಿಸಿ ಹೊರಗಿನಿಂದ ಬೀಗ ತೆಗೆದ. ಮುಂದಿನದನ್ನು ಹಾಯಿಲ್ ಇಂದಿಗೂ ಹೇಳುತ್ತಾನೆ.

"ಹೋಗು. ಹಿಂದಿನ ಗೋಡೆ ಗಿಡ್ಡ ಇದೆ."

"ನೀವೂ ಬನ್ನಿ, ಅಣ್ಣಾ!"

"ನಾನೆಲ್ಲಿಗೋ ಬರ್ಲಿ? ನಾಳೆ ನಮ್ ಸರ್ಕಾರ ಬಂದ್ರೆ ನನ್ನ ಎಲ್ಲಿ ಅಂತ ಹುಡುಕ್ತಾರೆ? ಇಲ್ಲಿದ್ರೆ ಸುಲಭವಾಗಿ ಸಿಗ್ತೀನಿ." ಆಮೇಲೆ ದನಿ ತಗ್ಗಿಸಿ, "ನಿಮ್ಮಪ್ಪ ನನ್ ಕಾಫಿ ಕುಡಿದಿದಾರೆ ಕಣೋ. ಹೋಗು," ಎಂದು ಬಾಗಿಲೆಳೆದುಕೊಂಡ.

ಹಾಯಿಲ್ ಗೋಡೆ ಹಾರಿ ಬಂದ. ಆ ಬಿಳಿ ಉಡುಪು ಮಂಡಿಯ ಹತ್ತಿರ ಹರಿದಿತ್ತು. ಫಿದ್ದಾ ಅವನ ಕೆನ್ನೆಗೊಂದು ಬಿಟ್ಟು ಆಮೇಲೆ ತಬ್ಬಿಕೊಂಡಳು. ಸೊಸೆಯ ಕೋಣೆಯ ಬಾಗಿಲನ್ನು ತಾನೇ ತೆರೆದು ಮಗನನ್ನು ಒಳಗೆ ದಬ್ಬಿದಳು.

ಕ್ಯಾಪ್ಟನ್ನನ ಸರ್ಕಾರ ಬರಲಿಲ್ಲ. ಭಾನುವಾರ ಬೆಳಗ್ಗೆ ಅವನನ್ನು ದಮಾಸ್ಕಸ್ಸಿಗೆಂದು ಲಾರಿ ಹತ್ತಿಸಿದರು. ದಾರಿಯಲ್ಲಿ ಓಡಲು ನೋಡಿದ, ಗುಂಡು ಹೊಡೆಯಬೇಕಾಯಿತು ಎಂದು ಕಚೇರಿಗೆ ಸುದ್ದಿ ಬಂತು. ತೆರೆದ ಬಾಗಿಲಿನಿಂದ ಓಡದವನು ಲಾರಿಯಿಂದ ಓಡಿದನಂತೆ! ಮಧ್ಯಾಹ್ನದ ಹೊತ್ತಿಗೆ ಮುಂಜಿರ್‌ನನ್ನೂ ಯಾರೋ ತೆಗೆದುಹಾಕಿದರು. ಹೊಸದಾಗಿ ಬಂದವನಿಗೆ ಹಾಯಿಲ್ ಯಾರು, ಜೈಲಿನಲ್ಲಿ ಯಾಕಿದ್ದ, ಒಂದೂ ಗೊತ್ತಿರಲಿಲ್ಲ.

ಶಲ್ಲಾಶ್ ಬಂದು ಕ್ಯಾಪ್ಟನ್ನನ ಸಾವಿನ ಸುದ್ದಿ ಹೇಳಿದಾಗ ಮಿಫ್ಲೆಹ ಕೇಳಿದ:

"ಅವನಿಗೆ ಈ ಊರಲ್ಲಿ ಯಾರಿದಾರೆ?"

"ಯಾರೂ ಇಲ್ಲ, ಚಿಕ್ಕಪ್ಪಾ."

"ಹಾಗಾದ್ರೆ ಸಾವಿನ ಮನೆ ಇದೇ," ಎಂದು ಮಿಫ್ಲೆಹ ಅತಿಥಿಗಳ ಕೋಣೆಯ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟ.

ಮದುವೆಯ ಮನೆಯಲ್ಲಿ ಸೂತಕ ಕೂರುವುದನ್ನು ಊರು ಕಂಡಿರಲಿಲ್ಲ. ಮುಖಂಡನ ಸೊಂಟ ಇನ್ನೂ ನೋಯುತ್ತಿತ್ತು, ಬೀಗರ ಕುರಿ ಇನ್ನೂ ಈದಿರಲಿಲ್ಲ. ಗೋರಂಟಿಯ ಕೈಯಲ್ಲಿ ಸಾವಿನ ಕಾಫಿ ಹುರಿಯುತ್ತಾಳಲ್ಲ ಈ ಹುಡುಗಿ ಎಂದು ನೆರೆಯ ಹೆಂಗಸೊಬ್ಬಳು ಗೊಣಗಿದಾಗ ತುರ್ಫಾ ತಲೆ ಎತ್ತಲಿಲ್ಲ. "ಈ ಕೈಯಲ್ಲಿ ಮಾಡ್ದಿದ್ರೆ ಇನ್ಯಾರ ಕೈಯಲ್ಲಿ ಮಾಡ್ಲಿ, ಅಕ್ಕಾ?" ಎಂದಷ್ಟೇ ಅಂದಳು.

ಸೂತಕದ ಕೊನೆಯ ದಿನ ಹೋಮ್ಸ್‌ನಿಂದ ಬಸ್ಸಿನಲ್ಲಿ ಒಬ್ಬ ಮುದುಕಿ ಬಂದಳು. ದಂಡಿನ ಕಚೇರಿಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಶಲ್ಲಾಶ್ ಗುಟ್ಟಾಗಿ ಈ ಮನೆ ತೋರಿಸಿದ್ದ. ಅವಳು ಗೋಡೆಗೆ ಒರಗಿ ಕೂತು ಒಬ್ಬೊಬ್ಬರ ಮುಖ ನೋಡಿದಳು.

"ನೀವ್ಯಾರೂ ನಂಗೆ ಗೊತ್ತಿಲ್ಲ. ನನ್ ವಜೀಹ್ ನಿಮಗೇನಾಗ್ಬೇಕು?"

ಹಾಯಿಲ್ ಅವಳ ಮುಂದೆ ಮಂಡಿಯೂರಿ ಕೂತ.

"ಅವರು ನನ್ ಮದ್ವೆಗೆ ಬಂದಿದ್ರು, ಅಮ್ಮಾ."

ಮುದುಕಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮದ್ವೆಗಾ? ಊಟ ಮಾಡಿದ್ನಾ? ಕರೆದ ಕಡೆ ಸಂಕೋಚ ಪಡ್ತಾನೆ ಅವನು."

"ಹೊಟ್ಟೆ ತುಂಬ ಮಾಡಿದ್ರು," ಎಂದ ಹಾಯಿಲ್. "ನನ್ ಪಕ್ಕದಲ್ಲೇ ಕೂತಿದ್ರು."